ಸಮುದ್ರ ಸೇರುವ ನೀರಿನ ಲೆಕ್ಕ: ಅಘನಾಶಿನಿ ಅಳಿವೆಯಿಂದ ಜಲಸಂಪನ್ಮೂಲ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಜಲಸಂಪನ್ಮೂಲ ಸಚಿವರಿಗೆ,

ಮಾನ್ಯರೇ,

ನಮಸ್ಕಾರ. ನಾನು ಕುಮಟಾ ತಾಲ್ಲೂಕಿನವಳು. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯ ಮೇಲಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಅಲ್ಲಿಯೇ ಶಾಲೆ ಕಲಿತು, ಈಗ ಅಲ್ಲಿಯೇ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ನನ್ನ ತಾಯಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಹೊಳೆಯಲ್ಲಿ ಬಳಚು ಎಂಬ ತಿನ್ನುವ ಚಿಪ್ಪುಜೀವಿಯನ್ನು ಹೆಕ್ಕಿದರು. ನನ್ನ ಪಠ್ಯಪುಸ್ತಕ, ಕಾಲೇಜಿನ ಶುಲ್ಕ, ತಂಗಿಯ ಮದುವೆಯ ಸೀರೆ, ಮನೆಯ ಹಂಚು, ಇವೆಲ್ಲ ಬಂದಿದ್ದು ಆ ಬಳಚಿನ ಬುಟ್ಟಿಯಿಂದ. ಆ ಬುಟ್ಟಿಯ ಋಣದಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಘನಾಶಿನಿಯ ನೀರನ್ನು ಘಟ್ಟದ ಮೇಲಿನಿಂದಲೇ ಎತ್ತಿ ವೇದಾವತಿ ನದಿಯ ಕಡೆಗೆ, ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯದ ಕಡೆಗೆ ಒಯ್ಯುವ ಪ್ರಸ್ತಾವನೆಯ ಸುದ್ದಿ ಬಂದಾಗಿನಿಂದ ಶಿರಸಿ, ಸಿದ್ದಾಪುರದ ಜನರು ಸಭೆ ಸೇರಿ ಮಾತನಾಡಿದ್ದಾರೆ. ಕಾಡು, ಅಡಿಕೆ ತೋಟ, ಭೂಕುಸಿತದ ಭಯ, ಎಲ್ಲವನ್ನೂ ಅವರು ಚೆನ್ನಾಗಿ ಹೇಳಿದ್ದಾರೆ. ನಾನು ಅದನ್ನೇ ಮತ್ತೆ ಹೇಳುವುದಿಲ್ಲ. ಹೊಳೆಯ ಕೊನೆಯ ತುದಿಯಲ್ಲಿ ಇರುವ ನಮ್ಮ ಮಾತು ಸಭೆಗಳವರೆಗೆ ತಲುಪುವುದು ಕಡಿಮೆ. ಆದ್ದರಿಂದ ಈ ತುದಿಯ ಮಾತನ್ನಷ್ಟೇ ಹೇಳುತ್ತೇನೆ.

ನದಿ ಜೋಡಣೆಯ ಮಾತು ಬಂದಾಗಲೆಲ್ಲ ಒಂದು ವಾಕ್ಯ ಕಿವಿಗೆ ಬೀಳುತ್ತದೆ: "ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ಸಮುದ್ರ ಸೇರಿ ವ್ಯರ್ಥವಾಗುತ್ತಿದೆ." ಒಳ್ಳೆಯ ಮನಸ್ಸಿನವರೂ, ಬರ ಕಂಡು ನೊಂದವರೂ ಇದನ್ನು ಹೇಳುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಅವರು ಹೊಳೆಯ ಬಾಯಿಯನ್ನು ಕಂಡಿಲ್ಲ, ಅಷ್ಟೇ. ಅದನ್ನು ತಮಗೆ ತೋರಿಸುವುದು ನನ್ನ ಉದ್ದೇಶ.

ಅಘನಾಶಿನಿ ದೊಡ್ಡ ನದಿಯೇನೂ ಅಲ್ಲ. ಶಿರಸಿಯ ಶಂಕರ ಹೊಂಡದಿಂದ ಒಂದು ಕವಲು, ಮಂಜುಗುಣಿಯ ಕಡೆಯಿಂದ ಇನ್ನೊಂದು ಕವಲು ಹೊರಟು ಒಂದಾಗಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಅಪ್ಪೆಮಿಡಿಯ ಮರಗಳ ನೆರಳಿನಲ್ಲಿ ಕಣಿವೆ ದಾಟಿ, ಸುಮಾರು 120 ಕಿಲೋಮೀಟರ್ ಹರಿದು ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಅರಬ್ಬೀ ಸಮುದ್ರ ಸೇರುತ್ತದೆ. ದಾರಿಯಲ್ಲಿ ಒಂದು ಅಣೆಕಟ್ಟೂ ಇಲ್ಲ. ಮಿರ್ಜಾನದ ಕೋಟೆಯ ಕಾಲದಲ್ಲಿ ಘಟ್ಟದ ಕಾಳುಮೆಣಸು ಹಡಗು ಏರಿದ್ದೂ ಈ ನೀರಿನ ಮೇಲಿಂದಲೇ. ಕುಮಟಾ, ಹೊನ್ನಾವರ ಪಟ್ಟಣಗಳು ಇಂದಿಗೂ ಕುಡಿಯುವ ನೀರಿಗೆ ಈ ಹೊಳೆಯನ್ನೇ ನೆಚ್ಚಿಕೊಂಡಿವೆ.

ಘಟ್ಟ ಇಳಿದ ಮೇಲೆ ಹೊಳೆ ಅಗಲವಾಗುತ್ತದೆ, ನಿಧಾನವಾಗುತ್ತದೆ. ಇಲ್ಲಿಂದ ಅದು ಬರೀ ಹೊಳೆಯಾಗಿ ಉಳಿಯುವುದಿಲ್ಲ. ದಿನಕ್ಕೆ ಎರಡು ಸಲ ಸಮುದ್ರ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಭರತದ ಉಪ್ಪು ನೀರು ಒಳನಾಡಿನ ಉಪ್ಪಿನಪಟ್ಟಣದ ಕಡೆಗೂ ಏರುತ್ತದೆ. ಆ ಊರಿನ ಹೆಸರನ್ನು ನೋಡಿ. ಮೇಲಿನಿಂದ ಬರುವ ಸಿಹಿ ನೀರು ಅದನ್ನು ತಡೆದು, ಬೆರೆಸಿ, ಹಿಂದಕ್ಕೆ ತಳ್ಳುತ್ತದೆ. ಇವೆರಡರ ತಳ್ಳಾಟದಲ್ಲಿ ಹುಟ್ಟುವ ಸವಳು ನೀರೇ ನಮ್ಮ ಅನ್ನ. ಉಪ್ಪು ಹೆಚ್ಚಾದರೂ ನಾವು ಕೆಟ್ಟೆವು, ಸಿಹಿ ಹೆಚ್ಚಾದರೂ ಕೆಟ್ಟೆವು.

ಬಳಚಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎರಡು ಚಿಪ್ಪಿನ ಈ ಜೀವ ಹೊಳೆಯ ತಳದ ಮರಳು ಬೆರೆತ ಕೆಸರಿನಲ್ಲಿ ಹೂತುಕೊಂಡಿರುತ್ತದೆ. ಇಳಿತ ಶುರುವಾದೊಡನೆ ಹೆಂಗಸರು ಸೊಂಟದ ಮಟ್ಟದ ನೀರಿಗೆ ಇಳಿಯುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಪಾದದ ಬೆರಳಿನಲ್ಲಿ ತಡಕಿ, ಗಟ್ಟಿ ಸಿಕ್ಕೊಡನೆ ಬಗ್ಗಿಯೋ ಮುಳುಗಿಯೋ ಕೈಗೆತ್ತಿಕೊಳ್ಳಬೇಕು. ಎಳೆಯದಾದರೆ ಅಲ್ಲಿಯೇ ಬಿಡಬೇಕು ಎಂದು ಅಮ್ಮ ಹೇಳುತ್ತಿದ್ದರು. ಮೂರು ನಾಲ್ಕು ತಾಸು ಹೀಗೆ ನೀರಿನಲ್ಲಿ. ಚಿಪ್ಪಿನ ಅಂಚಿಗೆ ಸಿಕ್ಕಿ ಸೀಳಿದ ಅಮ್ಮನ ಹೆಬ್ಬೆರಳು ಬೇಸಿಗೆ ಕಳೆಯುವವರೆಗೂ ಮಾಯುತ್ತಿರಲಿಲ್ಲ. ರಾತ್ರಿ ಅದಕ್ಕೆ ತೆಂಗಿನೆಣ್ಣೆ ಹಚ್ಚುವುದು ನನ್ನ ಕೆಲಸವಾಗಿತ್ತು.

ಈ ಕಸುಬಿಗೆ ಬಂಡವಾಳ ಬೇಡ, ದೋಣಿ ಬೇಡ, ಯಾರ ಅಪ್ಪಣೆಯೂ ಬೇಡ. ಗಂಡ ತೀರಿಕೊಂಡವಳು, ಜಮೀನಿಲ್ಲದವಳು, ವಯಸ್ಸಾದವಳು, ಯಾರು ಬೇಕಾದರೂ ಹೊಳೆಗಿಳಿಯಬಹುದು. ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು, ಹೀಗೆ ದಂಡೆಯ ಹಲವು ಸಮುದಾಯದವರು ಒಂದೇ ನೀರಿನಲ್ಲಿ ಪಕ್ಕಪಕ್ಕದಲ್ಲಿ ಬಗ್ಗಿ ನಿಂತಿರುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು 2008ರಲ್ಲಿ ಇದರ ಲೆಕ್ಕ ಹಾಕಿತ್ತು: ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು, ಆಗಿನ ಬೆಲೆಯಲ್ಲಿ ಐದು ಕೋಟಿ ರೂಪಾಯಿಗೂ ಮೀರಿದ ಮೌಲ್ಯ, ನೇರವಾಗಿ ದುಡಿಯುವವರು 2,300ಕ್ಕೂ ಹೆಚ್ಚು ಜನ. ಇಲ್ಲಿನ ಬಳಚು ಗೋವಾದವರೆಗೂ ಹೋಗುತ್ತದೆ. ಆದರೆ ಹೋಗದೆ ಉಳಿದದ್ದು ನನ್ನ ಮಟ್ಟಿಗೆ ಇನ್ನೂ ದೊಡ್ಡದು. ಆಸುಪಾಸಿನ ಬಡ ಮನೆಗಳಲ್ಲಿ ತೆಂಗಿನಕಾಯಿ ಅರೆದು ಹಾಕಿದ ಬಳಚಿನ ಸುಕ್ಕವೇ ಮಕ್ಕಳ ಪೌಷ್ಟಿಕ ಆಹಾರ.

ಬಳಚು ಈಗ ಮೊದಲಿನಷ್ಟು ಸಿಗುವುದಿಲ್ಲ. ಅದಕ್ಕೆ ಕಾರಣ ಹಲವು. ಸುಣ್ಣಕ್ಕಾಗಿ ಸತ್ತ ಚಿಪ್ಪನ್ನು ಹೊಳೆಯ ತಳದಿಂದ ಬಗೆದದ್ದು, ಮರಳು ತೆಗೆದದ್ದು, ನಾವೇ ದುರಾಸೆಗೆ ಬಿದ್ದು ಎಳೆಯ ಬಳಚನ್ನೂ ಬಿಡದೆ ಮಾರಿದ್ದು. ನಮ್ಮ ತಪ್ಪನ್ನು ನಾವು ಒಪ್ಪಿಕೊಳ್ಳಬೇಕು. ಆದರೂ ಹೊಳೆ ಜೀವಂತ ಇರುವವರೆಗೆ ಆ ತಪ್ಪನ್ನು ತಿದ್ದಿಕೊಳ್ಳಲು ಸಾಧ್ಯವಿದೆ. ನೀರಿನ ಹದವೇ ಕೆಟ್ಟರೆ ತಿದ್ದುವುದಕ್ಕೆ ಏನೂ ಉಳಿಯುವುದಿಲ್ಲ.

ಹದ ಕೆಟ್ಟರೆ ಏನಾಗುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಪಕ್ಕದ ಹೊನ್ನಾವರದಲ್ಲಿ ಶರಾವತಿಯ ಅಳಿವೆ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಬಳಿಕ, ವಿದ್ಯುತ್ ಉತ್ಪಾದಿಸಿ ಬಿಡುವ ನೀರು ಬೇಸಿಗೆಯಲ್ಲೂ ಕೆಳಗೆ ಹರಿಯತೊಡಗಿತು. ಅಲ್ಲಿ ಸಿಹಿ ಹೆಚ್ಚಾಯಿತು, ಉಪ್ಪು ತಗ್ಗಿತು. ಒಂದು ಕಾಲದಲ್ಲಿ ಬಳಚು ಧಾರಾಳವಾಗಿದ್ದ ಆ ಹೊಳೆ ಬರಿದಾಯಿತು. ಮೀನಿನ ಬಗೆಗಳೂ ಕಡಿಮೆಯಾದವು. ನನ್ನ ಚಿಕ್ಕಮ್ಮನನ್ನು ಆ ಕಡೆಗೆ ಮದುವೆ ಮಾಡಿಕೊಟ್ಟಿತ್ತು. ಹೊಳೆಯ ದಂಡೆಯಲ್ಲೇ ಮನೆಯಿದ್ದರೂ, ತವರಿಗೆ ಬಂದಾಗಲೆಲ್ಲ ಅವರು ಚೀಲ ತುಂಬ ಬಳಚು ಕಟ್ಟಿಸಿಕೊಂಡು ಹೋಗುತ್ತಿದ್ದರು. ನಾಡಿಗೆ ಬೆಳಕು ಕೊಟ್ಟ ನದಿ ಅದು. ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆ ಬೆಳಕಿಗೆ ತಮ್ಮ ಹೊಳೆಯನ್ನು ಕೊಟ್ಟವರ ಹೆಸರು ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಅಲ್ಲಿ ಸಿಹಿ ಹೆಚ್ಚಾಗಿ ಆದದ್ದು ಇಲ್ಲಿ ಸಿಹಿ ಕಡಿಮೆಯಾಗಿ ಆಗುತ್ತದೆ.

"ಬೇಸಿಗೆಯ ನೀರನ್ನು ಮುಟ್ಟುವುದಿಲ್ಲ, ಮಳೆಗಾಲದ ಹೆಚ್ಚುವರಿ ನೀರನ್ನಷ್ಟೇ ಎತ್ತುತ್ತೇವೆ" ಎಂಬ ಸಮಾಧಾನದ ಮಾತು ಇಂಥ ಯೋಜನೆಗಳ ಜೊತೆಗೇ ಬರುತ್ತದೆ. ಮಾನ್ಯರೇ, ಆ ಹೆಚ್ಚುವರಿ ನೀರು ನಮ್ಮಲ್ಲಿ ಏನು ಮಾಡುತ್ತದೆ ಎಂಬುದನ್ನು ನಮ್ಮ ಗಜನಿಯ ಬದುವಿನ ಮೇಲೆ ನಿಂತು ನೋಡಬೇಕು.

ಗಜನಿ ಎಂದರೆ ಹೊಳೆಯ ಅಂಚಿನ ಸವಳು ಗದ್ದೆ. ಬೇಸಿಗೆಯಲ್ಲಿ ಅದರೊಳಗೆ ಉಪ್ಪು ನೀರು ಆಡುತ್ತದೆ. ಜೂನ್ ತಿಂಗಳ ಮಳೆ, ಅದರ ಹಿಂದೆಯೇ ಬರುವ ಹೊಳೆಯ ನೆರೆ, ಇವೆರಡೂ ಸೇರಿ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಕರಿ ಕಗ್ಗ, ಬಿಳಿ ಕಗ್ಗ ಎಂದು ಎರಡು ಬಗೆ. ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಚೆಲ್ಲುವುದು, ಅಷ್ಟೇ. ಗೊಬ್ಬರ ಹಾಕುವುದಿಲ್ಲ. ನೆರೆಯ ನೀರು ಘಟ್ಟದಿಂದ ಹೊತ್ತು ತರುವ ಮೆಕ್ಕಲು ಮಣ್ಣೇ ಗೊಬ್ಬರ. ಗದ್ದೆ ದಿನಗಟ್ಟಲೆ ನೀರಿನಲ್ಲಿ ಮುಳುಗಿದರೂ ಕಗ್ಗ ಕೊಳೆಯುವುದಿಲ್ಲ. ನೀರಿನ ಜೊತೆಗೇ ಎತ್ತರಕ್ಕೆ ಏರುತ್ತದೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲಿಯೇ ಬಿಡುತ್ತಾರೆ. ಅದು ಕೊಳೆತು ಶೆಟ್ಲಿಗೂ (ಸಿಗಡಿ) ಮೀನಿಗೂ ಮೇವಾಗುತ್ತದೆ. ಆಮೇಲೆ ತೂಬಿನ ಹಲಗೆ ಎತ್ತಿದರೆ ಭರತದ ಜೊತೆ ಶೆಟ್ಲಿ ಮರಿ ಒಳಗೆ ಬರುತ್ತದೆ. ಅದೇ ಗದ್ದೆಯಲ್ಲಿ ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು.

ತೊಂಬತ್ತರ ದಶಕದಲ್ಲಿ ಶೆಟ್ಲಿ ಕೃಷಿಯ ಆಸೆಗೆ ಬಿದ್ದು ಅನೇಕ ಗಜನಿಗಳು ಕಗ್ಗವನ್ನು ಬಿಟ್ಟವು. ಬಿಳಿ ಚುಕ್ಕೆ ರೋಗ ಬಂದು ಶೆಟ್ಲಿಯೂ ಸತ್ತಿತು, ಸಾಲ ಉಳಿಯಿತು. ಈಗ ಮಾಣಿಕಟ್ಟಾದಂಥ ಊರಿನವರು ಪಟ್ಟು ಹಿಡಿದು ಕಗ್ಗದ ಬೀಜ ಉಳಿಸಿಕೊಂಡಿದ್ದಾರೆ. ಸಮುದ್ರದ ಮಟ್ಟ ಏರುತ್ತಿರುವ ಈ ಕಾಲದಲ್ಲಿ, ಉಪ್ಪನ್ನೂ ನೆರೆಯನ್ನೂ ತಾಳುವ ತಳಿಗಾಗಿ ಪ್ರಯೋಗಾಲಯಗಳಲ್ಲಿ ಹುಡುಕಾಟ ನಡೆದಿದೆ. ನಮ್ಮಲ್ಲಿ ಅದು ಕಣಜದಲ್ಲಿದೆ. ಆದರೆ ಕಗ್ಗವೂ ಬಿತ್ತುವ ಹೊತ್ತಿನಲ್ಲಿ ಉಪ್ಪು ತೊಳೆದುಹೋದ ಮಣ್ಣನ್ನೇ ಕೇಳುತ್ತದೆ. ಅದನ್ನು ತೊಳೆಯುವುದು ತಾವು ಹೆಚ್ಚುವರಿ ಎಂದು ಕರೆಯುವ ಆ ನೀರು.

ಮಳೆಗಾಲದ ಆ ಕೆಂಪು ನೀರು ಅಳಿವೆ ದಾಟಿ ಸಮುದ್ರದ ಒಳಗೂ ದೂರದವರೆಗೆ ಹೋಗುತ್ತದೆ. ಕಾಡಿನ ಎಲೆ, ಮಣ್ಣು, ಸತ್ವ ಎಲ್ಲವನ್ನೂ ಒಯ್ದು ಕಡಲಿಗೆ ಉಣಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಸರ್ಕಾರವೇ ಯಾಂತ್ರೀಕೃತ ಮೀನುಗಾರಿಕೆಯನ್ನು ನಿಷೇಧಿಸುತ್ತದೆ. ಆ ಎರಡು ತಿಂಗಳು ಮೀನು ಮೊಟ್ಟೆ ಇಟ್ಟು ಮರಿಯಾಗಲಿ ಎಂದು. ಬಸುರಿಗೆ ವಿಶ್ರಾಂತಿ ಕೊಟ್ಟು ಊಟ ಕೊಡದಿದ್ದರೆ ಹೇಗೆ? ಕಡಲ ದಂಡೆಗೆ ಬೇಕಾದ ಮರಳನ್ನು ತಂದು ಸುರಿಯುವುದೂ ಈ ನೆರೆಯೇ. ಮರಳು ಬರುವುದು ನಿಂತ ದಂಡೆಯನ್ನು ಸಮುದ್ರ ಕೊರೆಯುತ್ತದೆ. ಆಗ ಕೋಟಿಗಟ್ಟಲೆ ಖರ್ಚು ಮಾಡಿ ಕಲ್ಲು ತಂದು ತಡೆಗೋಡೆ ಕಟ್ಟಬೇಕಾಗುತ್ತದೆ.

ಮನುಷ್ಯರ ಮಾತೇ ಹೆಚ್ಚಾಯಿತು. ಈ ನೀರಿನಲ್ಲಿ ನಮ್ಮ ಜೊತೆ ಬಾಳುವ ಬೇರೆಯವರೂ ಇದ್ದಾರೆ, ಅವರಿಗೆ ಅರ್ಜಿ ಬರೆಯಲು ಬರುವುದಿಲ್ಲ. ನಮ್ಮ ಗಜನಿಯ ಬದುವಿನ ಮೇಲೆ ಚಳಿಗಾಲದ ಬೆಳಿಗ್ಗೆ ನೀರುನಾಯಿಯ ಹೆಜ್ಜೆ ಇರುತ್ತದೆ. ಅವು ಒಂಟಿಯಾಗಿ ಬರುವುದು ಕಡಿಮೆ. ಮರಿಗಳ ಸಮೇತ ಸಂಸಾರವೇ ಬಂದು, ತೂಬಿನ ಬಲೆಯ ಹತ್ತಿರ ಕೂತು, ಮೀನಿನ ತಲೆ, ಏಡಿಯ ಚಿಪ್ಪು ಉಳಿಸಿ ಹೋಗುತ್ತವೆ. ಬಲೆ ಹರಿದಾಗ ನನ್ನ ಅಪ್ಪ ಬೈಯುತ್ತಿದ್ದರು. ಒಮ್ಮೆ ಪಕ್ಕದ ಗಜನಿಯವರು ಉರುಳು ಇಡುತ್ತೇನೆ ಎಂದಾಗ ಬೇಡವೆಂದು ಜಗಳವಾಡಿದವರೂ ಅವರೇ. "ನೀರುನಾಯಿ ಬರುವ ಗಜನಿಯಲ್ಲಿ ಮೀನಿದೆ ಎಂದು ಅರ್ಥ. ಅದು ಬರುವುದನ್ನು ಬಿಟ್ಟ ದಿನ ನಾವೂ ಬಲೆ ಮಡಚಿಡಬೇಕು" ಎಂದಿದ್ದರು. ಅಪ್ಪ ಈಗಿಲ್ಲ. ನೀರುನಾಯಿ ಈಗಲೂ ಬರುತ್ತದೆ, ಮೊದಲಿಗಿಂತ ಕಡಿಮೆ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಯಲ್ಲಿ ಏಡಿ ಮತ್ತು ಮೀನಿನ ಮರಿಗಳು ಅಡಗಿರುತ್ತವೆ. ಅರಣ್ಯ ಇಲಾಖೆ ಊರಿನವರ ಜೊತೆ ಸೇರಿ ಕಾಂಡ್ಲಾ ನೆಟ್ಟಿದೆ. ಅದು ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆ ಗಿಡ ಉಪ್ಪಿನಲ್ಲಿ ಬದುಕುತ್ತದೆ ನಿಜ, ಆದರೆ ಚಿಗುರುವುದಕ್ಕೆ ಅದಕ್ಕೂ ಸಿಹಿ ನೀರಿನ ಹದ ಬೇಕು. ಇಳಿತದಲ್ಲಿ ಕೆಸರು ತೆರೆದುಕೊಂಡೊಡನೆ ಬೆಳ್ಳಕ್ಕಿಗಳು ಇಳಿಯುತ್ತವೆ. ಚಳಿಗಾಲದಲ್ಲಿ ಸಾವಿರಾರು ಮೈಲಿ ದಾಟಿ ಬರುವ ಪುಟ್ಟ ಹಕ್ಕಿಗಳು ಅದೇ ಕೆಸರಿನಲ್ಲಿ ಕೊಕ್ಕು ಚುಚ್ಚುತ್ತ ಓಡಾಡುತ್ತವೆ. ಮೇಲೆ ಗರುಡ ಸುತ್ತುತ್ತಿರುತ್ತದೆ. ತದಡಿಗೆ ದಾಟುವ ದೋಣಿಯಲ್ಲಿ ಕೂತಾಗ ಅಳಿವೆಯ ಬಾಯಲ್ಲಿ ಡಾಲ್ಫಿನ್‌ಗಳ ಬೆನ್ನು ಕಂಡರೆ, ನಿತ್ಯ ದಾಟುವ ಮೀನುಗಾರ್ತಿಯರೂ ಮಾತು ನಿಲ್ಲಿಸಿ ನೋಡುತ್ತಾರೆ. ಇನ್ನು ಹೊಳೆಯ ಮೇಲ್ಭಾಗದ ಕಾಡಿನಲ್ಲಿರುವ ಸಿಂಗಳೀಕಗಳಿಗಾಗಿ 2011ರಲ್ಲಿ ಸರ್ಕಾರವೇ ಅಘನಾಶಿನಿಯ ಹೆಸರಿನಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಿತ್ತು.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ ಅದು. ಗದಗದ ಮಾಗಡಿ ಕೆರೆ, ವಿಜಯನಗರದ ಅಂಕಸಮುದ್ರ ಕೂಡ ಆಗಲೇ ಸೇರಿದ್ದು. ಶಾಲೆಯಲ್ಲಿ ಮಕ್ಕಳಿಗೆ ಪತ್ರಿಕೆಯ ಸುದ್ದಿ ಓದಿ ಹೇಳಿದೆ. ತಾವು ದಿನಾ ಈಜುವ, ಏಡಿ ಹಿಡಿಯುವ ಹೊಳೆ ಲೋಕದ ಪಟ್ಟಿಯಲ್ಲಿದೆ ಎಂದು ತಿಳಿದು ಅವರು ಹಿಗ್ಗಿದ ಪರಿ ನನ್ನ ಕಣ್ಣಿನಲ್ಲಿದೆ. ಈ ಅಳಿವೆಯನ್ನು ಕಾಪಾಡುತ್ತೇವೆ ಎಂದು ನಮ್ಮ ಸರ್ಕಾರಗಳು ಲೋಕಕ್ಕೆ ಕೊಟ್ಟ ಮಾತು ಅದು. ಅಳಿವೆಯನ್ನು ಕಾಪಾಡುವುದು ಎಂದರೆ ಅದಕ್ಕೆ ಬರುವ ನೀರನ್ನು ಕಾಪಾಡುವುದು.

ಚಿತ್ರದುರ್ಗದ ರೈತ ಬಂಧುಗಳಿಗೆ ಒಂದು ಮಾತು. ನಿಮ್ಮ ಬಾಯಾರಿಕೆ ಸುಳ್ಳಲ್ಲ. 2022ರಲ್ಲಿ 89 ವರ್ಷಗಳ ಬಳಿಕ ನಿಮ್ಮ ವಾಣಿವಿಲಾಸ ಸಾಗರಕ್ಕೆ, ಅಂದರೆ ಮಾರಿಕಣಿವೆಗೆ, ಕೋಡಿ ಬಿದ್ದಾಗ, ನೀರು ಹರಿಯುವುದನ್ನು ನೋಡಲು ಬಂದ ಅಜ್ಜಿಯರು ಕಣ್ಣೊರೆಸಿಕೊಂಡ ದೃಶ್ಯವನ್ನು ನಾವೂ ಮೊಬೈಲ್‌ನಲ್ಲಿ ನೋಡಿದೆವು, ನಮ್ಮ ಕಣ್ಣೂ ತುಂಬಿತು. ನಮ್ಮಲ್ಲೂ ಮಾರ್ಚ್ ದಾಟಿದರೆ ದಂಡೆಯ ಬಾವಿಗಳು ಸವಳಾಗುತ್ತವೆ. ಕೊಡ ಹಿಡಿದು ಟ್ಯಾಂಕರ್‌ಗೆ ಕಾಯುವುದು ಏನೆಂದು ನಮಗೂ ಗೊತ್ತು. ನಿಮಗೆ ನೀರು ಬೇಡವೆಂದು ಹೇಳುವ ಮನಸ್ಸು ಇಲ್ಲಿ ಯಾರಿಗೂ ಇಲ್ಲ. ಆದರೆ ವರ್ಷಗಟ್ಟಲೆ ಸುರಂಗ ಕೊರೆದು, ವಿದ್ಯುತ್ ಸುರಿದು, ಘಟ್ಟ ದಾಟಿಸಿ ತರುವ ನೀರಿನ ಭರವಸೆಯಲ್ಲಿ ನಿಮ್ಮ ಊರಿನ ಕೆರೆಯ ಹೂಳು ಹಾಗೆಯೇ ಉಳಿದರೆ, ನಿಮಗೂ ಮೋಸ, ನಮಗೂ ಮೋಸ. ನಮ್ಮನ್ನು ಎದುರಾಳಿಗಳೆಂದು ಭಾವಿಸಬೇಡಿ.

ಸಚಿವರೇ, ನನ್ನ ಬೇಡಿಕೆ ಇಷ್ಟು. ಅಘನಾಶಿನಿಯಿಂದ ನೀರು ಎತ್ತುವ ಪ್ರಸ್ತಾವನೆಯನ್ನು ಕೈಬಿಡಿ. ಆ ನಿರ್ಧಾರಕ್ಕೆ ಸಮಯ ಬೇಕೆಂದಾದರೆ, ಅಲ್ಲಿಯವರೆಗೆ ಯಾವ ಕಡತವೂ ಒಂದು ಹೆಜ್ಜೆ ಮುಂದೆ ಹೋಗದಿರಲಿ. ಈ ಅಳಿವೆಗೆ ಯಾವ ತಿಂಗಳಲ್ಲಿ ಎಷ್ಟು ಸಿಹಿ ನೀರು ಬೇಕು ಎಂಬುದನ್ನು ಮಳೆಗಾಲ ಬೇಸಿಗೆ ಎರಡನ್ನೂ ಒಳಗೊಂಡ ಅಧ್ಯಯನದಿಂದ ಅಳೆಯಿರಿ. ಒಂದು ವರ್ಷ ಸಾಲದು, ಮಳೆ ಕೈಕೊಟ್ಟ ವರ್ಷವನ್ನೂ ಕಾಣಬೇಕು. ಅಳೆಯುವವರ ಜೊತೆ ಬಳಚು ಹೆಕ್ಕುವ ಹೆಂಗಸರನ್ನೂ ಗಜನಿಯ ರೈತರನ್ನೂ ಕೂರಿಸಿಕೊಳ್ಳಿ. ನೀರಿಗೆ ಉಪ್ಪು ಏರಿದ್ದು ಉಪಕರಣಕ್ಕೆ ತಿಳಿಯುವ ಮೊದಲೇ ಅವರ ನಾಲಿಗೆಗೆ ತಿಳಿದಿರುತ್ತದೆ. ವರದಿ ಕನ್ನಡದಲ್ಲಿ ಬರಲಿ, ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ನಾವೇ ಓದಿಕೊಳ್ಳುತ್ತೇವೆ.

ಅಹವಾಲು ಸಭೆಯನ್ನು ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ಕರೆಯಬೇಡಿ. ಕಾರವಾರಕ್ಕೆ ಬಂದು ಹೋಗುವುದು ಎಂದರೆ ಬಳಚು ಹೆಕ್ಕುವವಳಿಗೆ ಒಂದು ದಿನದ ಕೂಲಿ ಹೋದಂತೆ. ಹಿಂದೊಮ್ಮೆ ನಮ್ಮ ಕಡೆ ಬೇರೊಂದು ಯೋಜನೆಯ ಸಭೆಯನ್ನು ಬೆಳಿಗ್ಗೆಯ ಹೊತ್ತಿಗೆ ಇಟ್ಟಿದ್ದರು. ಅದು ಅಮಾವಾಸ್ಯೆಯ ಮಾರನೆಯ ದಿನ. ಹೊಳೆ ಪೂರ್ತಿ ಇಳಿದಿತ್ತು, ಹೆಂಗಸರೆಲ್ಲ ನೀರಿನಲ್ಲಿದ್ದರು. ಸ್ಥಳೀಯರಿಂದ ಆಕ್ಷೇಪ ಬಂದಿಲ್ಲ ಎಂದು ಬರೆದುಕೊಂಡು ಹೋದರು ಎಂದು ಆಮೇಲೆ ತಿಳಿಯಿತು.

ಆದ್ದರಿಂದ ದಯವಿಟ್ಟು ಪಂಚಾಂಗ ನೋಡಿ ಬನ್ನಿ. ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು ಎರಡು ಗಳಿಗೆಯಷ್ಟು ತಡವಾಗುತ್ತ ಹೋಗುತ್ತದೆ. ಹೊಳೆಯನ್ನು ನೋಡುವ ಮನಸ್ಸಿದ್ದರೆ ಹುಣ್ಣಿಮೆ ಕಳೆದ ಒಂದೆರಡು ದಿನದಲ್ಲಿ, ಬೆಳಿಗ್ಗೆ ಬೇಗ ಬನ್ನಿ. ನೂರಾರು ಜನ ಬಗ್ಗಿ ಹೆಕ್ಕುತ್ತಿರುವುದು ಕಾಣುತ್ತದೆ. ನಮ್ಮ ಮಾತು ಕೇಳುವ ಮನಸ್ಸಿದ್ದರೆ ಅಷ್ಟಮಿಯ ದಿನ ಬನ್ನಿ. ಆಗ ನೀರು ಹೆಚ್ಚು ಇಳಿಯುವುದಿಲ್ಲ, ಹೆಂಗಸರು ಮನೆಯಲ್ಲಿರುತ್ತಾರೆ. ನಮ್ಮ ಶಾಲೆಯ ಜಗಲಿಯಲ್ಲಿ ಇನ್ನೂರು ಜನ ಕೂರಬಹುದು. ಚಾಪೆ ಹಾಸಿಡುತ್ತೇವೆ.

ಇಂತಿ,
ಅಘನಾಶಿನಿ ದಂಡೆಯ ಒಬ್ಬ ಶಿಕ್ಷಕಿ